ನಡೆದಾಡುವ ಸ್ಟಾಪು

ನಿವೃತ್ತಿಯ ದಿನ ನನಗೆ ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೈಗಿತ್ತು, ಮೈಕಿನಲ್ಲಿ ಬಾಯಿತುಂಬ ಹೊಗಳಿದರು. ಸಾರಿಗೆಯ ತಾಂತ್ರಿಕ ಕ್ರಾಂತಿಯಲ್ಲಿ ನನ್ನ ಪಾತ್ರ ಬಹಳ ಹಿರಿದಂತೆ. ಅವರು ಹೇಳಿದ್ದರಲ್ಲಿ ನಾನು ನಿಜವಾಗಿ ಮಾಡಿದ ಕೆಲಸ ಒಂದೂ ಇರಲಿಲ್ಲ. ಕುರಿಯ ವಿಷಯವನ್ನಂತೂ ಯಾರೂ ಎತ್ತಲಿಲ್ಲ. ಮುಂದಿನ ಸಾಲಿನಲ್ಲಿ ಕುಳಿತಿದ್ದ ಕಂಡಕ್ಟರ್ ತಿಪ್ಪೇಶಿ ಮಾತ್ರ ಕರ್ಚೀಫಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದ.

ಈಗ ಚಿತ್ರದುರ್ಗದ ನಮ್ಮ ಬೀದಿಯ ಇಬ್ಬರು ಹುಡುಗಿಯರು ಎಂಜಿನಿಯರಿಂಗ್ ಮುಗಿಸಿ ನನ್ನದೇ ವಿಭಾಗಕ್ಕೆ ಸೇರುತ್ತಿದ್ದಾರೆ. "ಆಂಟಿ, ಅಲ್ಲಿ ಕೆಲಸ ಹೆಂಗಿರುತ್ತೆ?" ಎಂದು ಕೇಳಿದರು. ಬಾಯಲ್ಲಿ ಹೇಳಿದರೆ ನಂಬುವುದಿಲ್ಲ ಎಂದು ಬರೆಯಲು ಕುಳಿತಿದ್ದೇನೆ. ಬಡ್ತಿ, ಸಂಬಳ, ವರ್ಗಾವಣೆಯ ಮಾತೆಲ್ಲ ಬೇರೆಯವರು ಹೇಳುತ್ತಾರೆ. ನಾನು ಡಬ್ಬಿಯ ಕಥೆ ಹೇಳುತ್ತೇನೆ.

ಡಬ್ಬಿ ಎಂದರೆ ನಮ್ಮ ಸಂಸ್ಥೆ ತನ್ನ ಪ್ರತಿ ಬಸ್ಸಿಗೂ ಕೂರಿಸಿದ ಕರಿಯ ಪೆಟ್ಟಿಗೆ, ಅಂಗೈಯಗಲದ್ದು. ಅದು ಉಪಗ್ರಹದ ಸಹಾಯದಿಂದ ತಾನೆಲ್ಲಿದ್ದೇನೆ ಎಂದು ತಿಳಿದುಕೊಂಡು ಬೆಂಗಳೂರಿನ ಕಂಪ್ಯೂಟರಿಗೆ ಹೇಳಬೇಕು. ಕಂಪ್ಯೂಟರು ಅದನ್ನು ಜನರ ಮೊಬೈಲಿಗೆ ಹೇಳಬೇಕು. ಜನ ಆ್ಯಪ್ ತೆರೆದು, ಬಸ್ಸು ಬಂತು ಎನ್ನುವ ಹೊತ್ತಿಗೆ ಮನೆ ಬಿಟ್ಟು ಹೊರಡಬೇಕು. ಇಷ್ಟನ್ನು ಕಾಲೇಜಿನಲ್ಲಿ ಕಲಿಸುತ್ತಾರೆ. ಆ ಡಬ್ಬಿಯನ್ನು ಡ್ರೈವರ್ ಎಲ್ಲಿಡುತ್ತಾನೆ ಎನ್ನುವುದನ್ನು ಯಾರೂ ಕಲಿಸುವುದಿಲ್ಲ.

ನಮ್ಮ ಹಿರಿಯೂರು ಡಿಪೋದ ಒಂದು ಬಸ್ಸು ದಿನವೂ ಓಡುತ್ತಿದ್ದರೂ ಕಂಪ್ಯೂಟರಿನಲ್ಲಿ ಮಾತ್ರ ಡಿಪೋ ಬಿಟ್ಟು ಕದಲುತ್ತಲೇ ಇರಲಿಲ್ಲ. ಹೋಗಿ ನೋಡಿದರೆ ಡಬ್ಬಿ ತನ್ನ ಜಾಗದಲ್ಲಿ, ಮುಂದಿನ ಗಾಜಿನ ಹತ್ತಿರ, ಇಲ್ಲವೇ ಇಲ್ಲ. ಡ್ರೈವರ್ ಬಾಷಾ ತನ್ನ ಸೀಟಿನ ಕೆಳಗಿದ್ದ ಕಬ್ಬಿಣದ ಟೂಲ್ಸ್ ಪೆಟ್ಟಿಗೆಯನ್ನು ತೆಗೆದು ತೋರಿಸಿದ. ಒದ್ದೆ ಟವೆಲಿನಲ್ಲಿ ಸುತ್ತಿಕೊಂಡು ಡಬ್ಬಿ ಅದರೊಳಗೆ, ಯಾವ ಉಪಗ್ರಹಕ್ಕೂ ಸಿಗದಂತೆ, ತಣ್ಣಗೆ ಮಲಗಿತ್ತು.

"ಬಿಸ್ಲಿಗೆ ಕಾದು ಕೆಂಡ ಆಗಿತ್ತು ಮೇಡಂ. ಪಾಪ ಅನ್ನಿಸ್ತು," ಎಂದ ಬಾಷಾ.

ಅದೇ ವರ್ಷ ಆಯುಧಪೂಜೆಯಲ್ಲಿ ಎಲ್ಲ ಡ್ರೈವರುಗಳೂ ಸ್ಟಿಯರಿಂಗಿನ ಜೊತೆ ಡಬ್ಬಿಗೂ ಅರಿಶಿನ ಕುಂಕುಮದ ನೀರು ಧಾರಾಳವಾಗಿ ಚಿಮುಕಿಸಿದರು. ಮರುದಿನ ಅರ್ಧ ಡಿಪೋ ನಕ್ಷೆಯಿಂದ ಮಾಯವಾಗಿತ್ತು.

ಇನ್ನು ಮೇಲಧಿಕಾರಿಗಳು. ಹೆಡ್ಡಾಫೀಸಿನಲ್ಲಿ ತಾಂತ್ರಿಕ ವಿಭಾಗದ ಮುಖ್ಯಸ್ಥರೊಬ್ಬರಿದ್ದರು, ನಾವು ದೊಡ್ಡ ಸಾಹೇಬರು ಎನ್ನುತ್ತಿದ್ದೆವು. ಕೆಟ್ಟ ಮನುಷ್ಯರಲ್ಲ. ಆದರೆ ಪರದೆಯ ಮೇಲೆ ಕಂಡದ್ದನ್ನು ಬಿಟ್ಟು ಬೇರೇನನ್ನೂ ನಂಬುತ್ತಿರಲಿಲ್ಲ. ಒಂದು ದಿನ ಅವರದೇ ಫೋನು ಬಂತು.

"ಮೇಡಂ, ಹೊಳಲ್ಕೆರೆಯಲ್ಲಿ ನಿಮ್ಮ ಬಸ್ಸು ರೈಲು ಹಳಿಯ ಮೇಲೆ ಓಡ್ತಾ ಇದೆ. ತಕ್ಷಣ ನಿಲ್ಲಿಸಿ."

"ಸರ್, ಅಲ್ಲಿ ರಸ್ತೆ ಹಳಿಯ ಪಕ್ಕದಲ್ಲೇ ಹೋಗುತ್ತೆ. ನಮ್ಮ ನಕ್ಷೆ ಒಂಚೂರು ಸರಿದಿರಬೇಕು."

"ನಕ್ಷೆ ಸರಿಯಾಗೇ ಇದೆ. ಮೊನ್ನೆ ತಾನೆ ಹೊಸದು ಹಾಕಿದ್ದೇವೆ."

ನಕ್ಷೆ ಸರಿಯಿದ್ದ ಮೇಲೆ ಬಸ್ಸೇ ತಪ್ಪಿರಬೇಕಲ್ಲ. ಆ ಬಸ್ಸಿನ ಕಂಡಕ್ಟರಿಗೆ ಫೋನು ಮಾಡಿ, ಎಲ್ಲಿದ್ದೀಯಪ್ಪ ಎಂದು ಕೇಳಿ, ಕಾರಣ ಹೇಳಿದೆ. ಅವನು, "ಹಳಿ ಮ್ಯಾಲೆ ಹೋಗ್ತಿದ್ರೆ ಇಷ್ಟೊತ್ತಿಗೆ ಊರು ಮುಟ್ಟಿರ್ತಿದ್ವಿ ಮೇಡಂ. ಈ ಗುಂಡಿಯಾಗೆ ಯಾಕೆ ಎಗರಾಡ್ತಿದ್ವಿ?" ಎಂದ. ಆ ಮಾತನ್ನು ತಿದ್ದಿ ತೀಡಿ ಸಾಹೇಬರಿಗೆ ಒಪ್ಪಿಸಿದೆ. ಎಂಜಿನಿಯರ್ ಆದವರಿಗೆ ಬೇಕಾದ ದೊಡ್ಡ ವಿದ್ಯೆ ಇದೇ, ಹುಡುಗಿಯರೇ. ಬಸ್ಸಿನವರ ಮಾತನ್ನು ಹೆಡ್ಡಾಫೀಸಿಗೂ ಹೆಡ್ಡಾಫೀಸಿನ ಮಾತನ್ನು ಬಸ್ಸಿನವರಿಗೂ ಯಾರಿಗೂ ಸಿಟ್ಟು ಬಾರದಂತೆ ದಾಟಿಸುವುದು.

ಕುರಿಯ ಕಥೆ ಶುರುವಾದದ್ದು ವರುಣ್ ಎಂಬ ಹುಡುಗನಿಂದ. ಬೆಂಗಳೂರಿನಲ್ಲಿ ಕುಳಿತು ಪ್ರೋಗ್ರಾಂ ಬರೆಯುತ್ತಿದ್ದ ಚುರುಕು ಹುಡುಗ. ನಮ್ಮ ಕಡೆಯ ಹಳ್ಳಿ ಬಸ್ಸುಗಳು ದಾಖಲೆಯಲ್ಲಿಲ್ಲದ ಎಷ್ಟೋ ಕಡೆ ನಿಲ್ಲುತ್ತವೆ. ಬೇವಿನ ಮರದ ಹತ್ತಿರ, ಹಳೇ ರೈಸ್ ಮಿಲ್ಲಿನ ಎದುರು, ಯಾರದೋ ತೋಟದ ಗೇಟಿನಲ್ಲಿ. ಬಸ್ಸು ಒಂದು ಕಡೆ ಪದೇಪದೇ ನಿಂತರೆ ಅದನ್ನು ತಾನಾಗಿಯೇ ಸ್ಟಾಪು ಎಂದು ಗುರುತಿಸಿ ನಕ್ಷೆಗೆ ಸೇರಿಸುವ ಪ್ರೋಗ್ರಾಂ ಒಂದನ್ನು ವರುಣ್ ಬರೆದ. ಬಹಳ ಒಳ್ಳೆಯ ಕೆಲಸ. ಅಜ್ಜನ ಕಾಲದಿಂದ ಇದ್ದ ಬೇವಿನ ಮರಕ್ಕೆ ಕೊನೆಗೂ ಸರ್ಕಾರಿ ಮನ್ನಣೆ ಸಿಕ್ಕಿತು ಎಂದು ನಾನೇ ಬೆನ್ನು ತಟ್ಟಿದ್ದೆ. ಸ್ವಲ್ಪ ದಿನದಲ್ಲಿ ಅವನದೇ ಫೋನು, ದನಿಯಲ್ಲಿ ಗಾಬರಿ.

"ಮೇಡಂ, ನಿಮ್ಮ ಕಡೆ ಒಂದು ಸ್ಟಾಪು ಜಾಗ ಬದಲಾಯಿಸ್ತಾ ಇದೆ."

"ಹಂಗಂದ್ರೆ?"

"ಹೋದ ವಾರ ಬಬ್ಬೂರು ದಾಟಿ ಸ್ವಲ್ಪ ಮುಂದಿತ್ತು. ಈಗ ಇನ್ನೂ ಮುಂದೆ ಹೋಗಿದೆ. ನಿಧಾನಕ್ಕೆ ಹೊಸದುರ್ಗದ ಕಡೆ ಹೊರಟಿದೆ ಮೇಡಂ."

ಅದು ಆದಿವಾಲದಿಂದ ಹಿರಿಯೂರು, ಬಬ್ಬೂರಿನ ಮೇಲೆ ಹೊಸದುರ್ಗಕ್ಕೆ ಹೋಗಿ ಸಂಜೆ ಮರಳುವ ಬಸ್ಸು. ಡ್ರೈವರು ಅದೇ ಬಾಷಾ, ಕಂಡಕ್ಟರು ತಿಪ್ಪೇಶಿ. ಮರುದಿನ ನಾನೇ ಆ ಬಸ್ಸು ಹತ್ತಿದೆ.

ಆದಿವಾಲದಲ್ಲಿ ಒಬ್ಬ ಹೆಂಗಸು ಕುಂಟುತ್ತಾ ಬಂದು ಮೂರಂತಸ್ತಿನ ಊಟದ ಕ್ಯಾರಿಯರನ್ನು ತಿಪ್ಪೇಶಿಯ ಕೈಗಿಟ್ಟಳು. ಗಂಗಕ್ಕ. "ಮುದ್ದೆ ಬಿಸಿ ಐತೆ. ಓರೆ ಮಾಡಿದ್ರೆ ಸಾರು ಚೆಲ್ತತೆ, ಹುಷಾರು ಕಣಪ್ಪ," ಎಂದಳು. ಅವಳ ಗಂಡ ಕರಿಯಪ್ಪ ಕುರಿ ಕಾಯುವವನು. ಬೇಸಿಗೆ ಬಂದರೆ ಮಂದೆ ಹೊಡೆದುಕೊಂಡು ಹೊಸದುರ್ಗದ ದಾರಿ ಹಿಡಿಯುತ್ತಾನೆ. ಗೊಬ್ಬರಕ್ಕೆಂದು ರೈತರು ಅವನ ಮಂದೆಯನ್ನು ತಮ್ಮ ಹೊಲದಲ್ಲಿ ನಿಲ್ಲಿಸಿಕೊಳ್ಳುತ್ತಾರೆ, ಇಂದು ಒಬ್ಬರ ಹೊಲ, ನಾಲ್ಕು ದಿನ ಬಿಟ್ಟು ಇನ್ನೊಬ್ಬರದು. ಮಂಡಿನೋವಿನ ಗಂಗಕ್ಕ ಮಂದೆಯ ಹಿಂದೆ ಹೋಗಲಾರಳು. ಅವಳ ಅಡುಗೆ ಮಾತ್ರ ಹೋಗುತ್ತದೆ, ದಿನವೂ, ಬಸ್ಸಿನಲ್ಲಿ. ಮಂದೆ ಎಲ್ಲಿ ಕಾಣುತ್ತದೋ ಅಲ್ಲಿ ಬಾಷಾ ಬ್ರೇಕ್ ಹಾಕುತ್ತಾನೆ. ವರುಣನ ಪ್ರೋಗ್ರಾಂ ಅಷ್ಟೂ ದಿನ ಹಿಂಬಾಲಿಸುತ್ತಿದ್ದದ್ದು ಗಂಗಕ್ಕನ ಬುತ್ತಿಯನ್ನು.

ಹೋಗುವಾಗ ಬಸ್ಸು ಅಲ್ಲಿ ಒಂದು ಉಸಿರು ನಿಂತರೆ, ಬರುವಾಗ ಇನ್ನೂ ಹೆಚ್ಚು ಹೊತ್ತು ನಿಲ್ಲುತ್ತಿತ್ತು. ಖಾಲಿ ಕ್ಯಾರಿಯರ್ ಇಸಿದುಕೊಳ್ಳಲು ಇಷ್ಟು ಹೊತ್ತೇಕೆ ಎಂದು ಕೇಳಿದೆ.

"ಖಾಲಿ ಡಬ್ಬಿ ವಾಪಸ್ ಕಳಿಸಬಾರ್ದಲ್ಲ ಮೇಡಂ," ಎಂದ ತಿಪ್ಪೇಶಿ. "ಏನಾರ ಒಂದು ಹಾಕೋಗಂಟ ಕರಿಯಪ್ಪ ಬಿಡಾಕಿಲ್ಲ. ಒಂದಿನ ಬಾರೆಹಣ್ಣು, ಒಂದಿನ ಹುಣಿಸೇಕಾಯಿ. ಏನೂ ಸಿಗಲಿಲ್ಲ ಅಂದ್ರೆ ಬೇಲಿ ಸಾಲಾಗೆ ಹುಡುಕ್ತಾನೆ. ಗಂಗಕ್ಕನೂ ಅಷ್ಟೇಯ. ಕ್ಯಾರಿಯರ್ ತಗಂಡ ತಕ್ಷಣ ಅಲ್ಲೇ ಕಿವಿ ಹತ್ರ ಅಲ್ಲಾಡಿಸಿ ನೋಡ್ತಾಳೆ."

ನಾನು ಇದನ್ನೆಲ್ಲ ಹೆಡ್ಡಾಫೀಸಿಗೆ ವಿವರಿಸುವ ಮೊದಲೇ ಅವರು ಮುಂದುವರಿದಿದ್ದರು. ಪರದೆಯ ಮೇಲೆ ಸ್ಟಾಪು ಕಂಡಿತ್ತು. ಸ್ಟಾಪು ಎಂದ ಮೇಲೆ ಬೋರ್ಡು ಬೇಡವೇ? ಗುತ್ತಿಗೆದಾರ ಬಂದು ನೀಲಿ ಬೋರ್ಡು ನೆಟ್ಟು, ಪಕ್ಕದಲ್ಲಿ ಕಲ್ಲಿನ ಬೆಂಚು ಹಾಕಿ ಹೋದ. ಅಷ್ಟರಲ್ಲಿ ಮಂದೆ ಮುಂದಿನ ಹೊಲಕ್ಕೆ ಹೊರಟಿತ್ತು. ಸುತ್ತ ಒಂದೂ ಮನೆಯಿಲ್ಲದ ಬಯಲಿನಲ್ಲಿ ಆ ಬೋರ್ಡು ಈಗಲೂ ನಿಂತಿದೆ. ಹೊಲದವರು ಅದರ ಮೇಲೆ ಅಂಗಿ ಒಣಹಾಕುತ್ತಾರೆ.

ಈ ಖರ್ಚಿಗೆ ಯಾರು ಕಾರಣ ಎಂದು ವಿಚಾರಣೆಯಾಗಿ, ದೊಡ್ಡ ಸಾಹೇಬರು ಇಡೀ ವ್ಯವಸ್ಥೆಯನ್ನು ತಿರುಗಿಸಿ ಹಾಕಿದರು. ಇನ್ನು ಮುಂದೆ ಬಸ್ಸು ಸ್ಟಾಪು ಹುಡುಕುವುದು ಬೇಡ, ಗೊತ್ತಿರುವ ಸ್ಟಾಪಿನಲ್ಲಿ ಮಾತ್ರ ನಿಲ್ಲಲಿ. ಬೇರೆ ಕಡೆ ನಿಂತರೆ ಬೆಂಗಳೂರಿನಲ್ಲಿ ಅಲಾರಂ ಹೊಡೆಯುತ್ತದೆ, ಕಂಡಕ್ಟರಿಗೆ ನೋಟೀಸು ಬರುತ್ತದೆ. ಮೂರನೇ ನೋಟೀಸಿಗೆ ಬೇರೆ ಜಿಲ್ಲೆಗೆ ಎತ್ತಂಗಡಿ. ಬೇವಿನ ಮರದಂಥವು ಹೇಗೋ ಪಟ್ಟಿಯಲ್ಲಿ ಉಳಿದುಕೊಂಡವು. ನಡೆಯುವ ಸ್ಟಾಪನ್ನು ಯಾವ ಪಟ್ಟಿಗೆ ಸೇರಿಸುವುದು? ತಿಪ್ಪೇಶಿಗೆ ನೋಡನೋಡುತ್ತಲೇ ಎರಡು ನೋಟೀಸು ಬಂದವು.

ನಾಳೆಯಿಂದ ಬುತ್ತಿ ಒಯ್ಯಲಾಗುವುದಿಲ್ಲ ಎಂದು ಹೇಳಲು ಅವನು ಗಂಗಕ್ಕನ ಮನೆಗೆ ಹೋದ. ಅವಳು ಕುಂತ್ಕಳಪ್ಪ ಎಂದು, ಬಿಸಿ ರೊಟ್ಟಿಗೆ ಹುಚ್ಚೆಳ್ಳು ಪುಡಿ ಹಾಕಿ ಕೊಟ್ಟು, ಕಟ್ಟಿಟ್ಟಿದ್ದ ಕ್ಯಾರಿಯರನ್ನು ಅವನ ತೊಡೆಯ ಮೇಲೇ ಇಟ್ಟಳು. ಹೇಳಬೇಕಾದ್ದನ್ನು ರೊಟ್ಟಿಯ ಜೊತೆ ನುಂಗಿಕೊಂಡು ಸೀದಾ ನನ್ನ ಹತ್ತಿರ ಬಂದ.

"ನನ್ ಕೈಲಿ ಹೇಳಾಕಾಗ್ಲಿಲ್ಲ ಮೇಡಂ. ನೀವೇ ಹೇಳ್ರಿ."

"ನನ್ನ ಕೈಲೂ ಆಗಲ್ಲ ಕಣಯ್ಯ," ಎಂದೆ. ನಿಜವಾಗಿಯೂ ಆಗುತ್ತಿರಲಿಲ್ಲ. ಆ ಹೆಂಗಸು ಕ್ಯಾರಿಯರನ್ನು ಕಿವಿಯ ಹತ್ತಿರ ಅಲ್ಲಾಡಿಸುವುದನ್ನು ನಾನು ನೋಡಿದ್ದೆ.

ಜೊತೆಗೆ ಬಂದಿದ್ದ ಬಾಷಾ ಬಾಗಿಲಿಗೆ ಒರಗಿ ನಿಂತಿದ್ದ. "ದಾರಿಯಾಗೆ ನಮ್ಮದೇ ಇನ್ನೊಂದು ಬಸ್ಸು ಸಿಕ್ರೆ ನಿಲ್ಲಿಸಿ ಪಾರ್ಸೆಲ್ ದಾಟಿಸ್ಬೋದು, ಅದಕ್ಕೆ ಅಲಾರಂ ಇಲ್ಲ," ಎಂದ. "ಕುರಿಗೂ ಒಂದು ಡಬ್ಬಿ ಕಟ್ಟಿಬಿಡ್ರಿ ಮೇಡಂ, ಅದೂ ಬಸ್ಸಾಗ್ತತೆ."

ತಿಪ್ಪೇಶಿ ನಕ್ಕ. ಬಾಷಾ ತಾನೂ ನಕ್ಕ. ನಾನು ನಗಲಿಲ್ಲ. ನನ್ನ ಮೇಜಿನ ಡ್ರಾಯರಿನಲ್ಲಿ, ಗುಜರಿಗೆ ಹೋದ ಬಸ್ಸೊಂದರಿಂದ ಬಿಚ್ಚಿದ ಡಬ್ಬಿ ಸುಮ್ಮನೆ ಬಿದ್ದಿತ್ತು.

ಮಂದೆಯ ಮುಂದೆ ಯಾವಾಗಲೂ ಒಂದು ಟಗರು ನಡೆಯುತ್ತಿತ್ತು, ಹೆಸರು ಸರದಾರ. ಅದರ ಕೊರಳಿನ ಗಂಟೆಯ ಪಕ್ಕ ಡಬ್ಬಿ ಕಟ್ಟಿದೆವು. ಬ್ಯಾಟರಿ ದಿನವೂ ಬುತ್ತಿಯ ಜೊತೆ ಹೋಗಿ, ಮುಗಿದದ್ದು ಖಾಲಿ ಕ್ಯಾರಿಯರಿನ ಜೊತೆ ಬರುವಂತೆ ಗೊತ್ತುಮಾಡಿದೆವು. ಕಂಪ್ಯೂಟರಿನಲ್ಲಿ ಹೊಸ ವಾಹನ ಸೇರಿಸಲು ಕುಳಿತೆ. ಚಾಲಕನ ಹೆಸರು ಕೇಳಿತು, ಕರಿಯಪ್ಪ ಎಂದು ಬರೆದೆ. ಇಂಧನ ಕೇಳಿತು, ಹುಲ್ಲು ಎಂಬ ಆಯ್ಕೆ ಇರಲಿಲ್ಲ, ಇತರೆ ಎಂದು ಒತ್ತಿದೆ. ಸೀಟು ಎಷ್ಟು ಎಂದು ಕೇಳಿತು. ಕುರಿ ಎಷ್ಟಿವೆ ಎಂದು ಕರಿಯಪ್ಪನಿಗೆ ಫೋನು ಮಾಡಿದರೆ, "ಲೆಕ್ಕ ಹಾಕಬಾರ್ದು ತಾಯಿ, ದೃಷ್ಟಿಯಾಗ್ತತೆ," ಎಂದು ಬಾಯಿ ಬಿಡಲಿಲ್ಲ. ಕೊನೆಗೆ ಬಸ್ಸಿಗೆ ಎಷ್ಟಿರುತ್ತವೋ ಅಷ್ಟೇ ಹಾಕಿದೆ.

ಮಾರನೆಯ ದಿನ ನಕ್ಷೆಯಲ್ಲಿ ಎರಡು ಬಸ್ಸುಗಳು ಸಂಧಿಸಿದವು. ಅಲಾರಂ ಹೊಡೆಯಲಿಲ್ಲ. ಮುದ್ದೆ ಬಿಸಿಯಾಗಿಯೇ ತಲುಪಿತು.

ತೊಂದರೆಗಳಿಲ್ಲದೆ ಇರಲಿಲ್ಲ. ವಾಹನ ರಸ್ತೆ ಬಿಟ್ಟು ಹೊಲಕ್ಕಿಳಿದಿದೆ ಎಂದು ದಿನಕ್ಕೆ ಹತ್ತಾರು ಸಂದೇಶಗಳು ಬರುತ್ತಿದ್ದವು, ನಾನು ಅಳಿಸುತ್ತಿದ್ದೆ. ಸರದಾರ ಇನ್ನೊಂದು ಟಗರಿನ ಜೊತೆ ಡಿಕ್ಕಿ ಕಾಳಗಕ್ಕೆ ಬಿದ್ದ ದಿನ ಅಪಘಾತದ ಎಚ್ಚರಿಕೆ ಬಂತು, ಅದನ್ನೂ ಅಳಿಸಿದೆ. ಒಬ್ಬ ಮೇಷ್ಟ್ರು, ಆ್ಯಪಿನಲ್ಲಿ ಬಸ್ಸು ಬರುತ್ತಿದೆ ಎಂದು ನೋಡಿಕೊಂಡು ಕಾದು ನಿಂತವರು, ದೂರು ಬರೆದರು: ಬಸ್ಸು ಬರಲಿಲ್ಲ, ಬದಲಿಗೆ ಕುರಿಗಳು ಬಂದವು. ವರುಣ್ ಅದಕ್ಕೆ 'ಪ್ರಯಾಣಿಕರಿಗೆ ಉಂಟಾದ ಗೊಂದಲ' ಎಂದು ಷರಾ ಬರೆದು ದೂರನ್ನು ಮುಚ್ಚಿದ. ಆಮೇಲೆ ನನಗೆ ಫೋನು ಮಾಡಿ, "ಮೇಡಂ, ನಾನೇನೂ ಕೇಳಲ್ಲ," ಎಂದ. ಅವನು ಮುಂದೆ ಬರುತ್ತಾನೆ ಎಂದು ನನಗೆ ಅವತ್ತೇ ಗೊತ್ತಾಯಿತು.

ಆದರೆ ಮಾರ್ಚಿನಲ್ಲಿ ಬರುವ ವರ್ಷಾಂತ್ಯದ ಬಹುಮಾನವನ್ನು ನಾನು ಮರೆತಿದ್ದೆ. ಕಡಿಮೆ ಡೀಸೆಲ್, ಕಡಿಮೆ ವೇಗ, ಅಪಘಾತವಿಲ್ಲ, ರಿಪೇರಿಯಿಲ್ಲ, ಇವನ್ನೆಲ್ಲ ಕೂಡಿಸಿ ಉತ್ತಮ ಚಾಲಕನನ್ನು ಕಂಪ್ಯೂಟರೇ ಆರಿಸುತ್ತಿತ್ತು. ಆ ವರ್ಷ ಇಡೀ ಸಂಸ್ಥೆಗೆ ಉತ್ತಮ ಚಾಲಕ, ಚಿತ್ರದುರ್ಗ ವಿಭಾಗದ ಕರಿಯಪ್ಪ. ಡೀಸೆಲ್ ಖರ್ಚು ಸೊನ್ನೆ ಎಂದು ಕಂಡಾಗ ಒಬ್ಬರಿಗಾದರೂ ಅನುಮಾನ ಬರಬೇಕಿತ್ತು. ಪರದೆ ಹೇಳಿದ ಮೇಲೆ ಮುಗಿಯಿತು.

ದೊಡ್ಡ ಸಾಹೇಬರು ಫೋಟೋದವರೊಬ್ಬರನ್ನು ಕರೆದುಕೊಂಡು ಬಂದೇಬಿಟ್ಟರು. ಕೈಯಲ್ಲಿ ಬಹುಮಾನದ ಪ್ರೆಷರ್ ಕುಕ್ಕರು.

"ಡ್ರೈವರ್ ಡ್ಯೂಟಿಯಲ್ಲಿದ್ದಾರೆ ಸರ್, ಬಿಡುವಿಲ್ಲ," ಎಂದೆ.

"ಡ್ಯೂಟಿಯಲ್ಲೇ ಸನ್ಮಾನ ಮಾಡೋಣ. ಅದಕ್ಕಿಂತ ಒಳ್ಳೆಯ ಫೋಟೋ ಇಲ್ಲ."

ಬಾಷಾನ ಬಸ್ಸಿನಲ್ಲೇ ಹೊರಟೆವು. ಸಾಹೇಬರು ಮೊಬೈಲ್ ನೋಡುತ್ತಾ, "ಬಂತು, ಬಂತು, ಇಲ್ಲೇ ಎದುರಿಗಿದೆ," ಎನ್ನುತ್ತಿದ್ದರು. ಬಸ್ಸು ನಿಂತಿತು. ಇಳಿದು ನೋಡಿದರೆ ಮಂದೆ. ಕುರಿಗಳನ್ನು ಕೈಯಿಂದ ಸರಿಸಿಕೊಂಡು ಅತ್ತ ಹೋದರು, ಇತ್ತ ಬಂದರು.

"ಎಲ್ಲಿ ನಮ್ಮ ಬಸ್ಸು?"

ತಿಪ್ಪೇಶಿ ಮೆಲ್ಲಗೆ ಟಗರಿನ ಕಡೆ ಕೈ ತೋರಿಸಿದ. ಸರದಾರ ತಲೆಯೆತ್ತಿ ಸಾಹೇಬರನ್ನು ನೋಡಿತು. ಕೊರಳಲ್ಲಿ ಡಬ್ಬಿಯ ಹಸಿರು ದೀಪ ಮಿಣುಕುತ್ತಿತ್ತು. ಕಿಟಕಿಗಳಲ್ಲಿ ಪ್ರಯಾಣಿಕರ ತಲೆಗಳು ಜೋತುಬಿದ್ದಿದ್ದವು.

"ಯಾರು ಮಾಡಿದ್ದು ಇದನ್ನ?"

"ನಾನು ಸರ್," ಎಂದೆ. "ನಮ್ಮ ಪ್ರೋಗ್ರಾಂನಲ್ಲಿ ಸ್ಟಾಪು ಅಂದ್ರೆ ನಿಂತೇ ಇರಬೇಕು. ಇದು ನಡೆಯುತ್ತೆ. ನಡೆಯೋದನ್ನ ಬರೆಯೋಕೆ ಅದರಲ್ಲಿ ಬಸ್ಸು ಅನ್ನೋದೊಂದೇ ಜಾಗ ಇತ್ತು ಸರ್."

ಕರಿಯಪ್ಪ ಅಷ್ಟರಲ್ಲಿ ಓಡಿ ಬಂದ. ದಂಡ ಹಾಕಲು ಬಂದವರು ಎಂದುಕೊಂಡು ಕಂಬಳಿ ಕೆಳಗಿಟ್ಟು ಕೈಮುಗಿದ. "ಡಬ್ಬಿ ಬೇಕಾದ್ರೆ ಬಿಚ್ಚಿಕಳ್ರಿ ಸ್ವಾಮಿ. ಬುತ್ತಿ ಒಂದು ನಿಲ್ಲಿಸಬ್ಯಾಡ್ರಿ. ನನಗೇನು, ಎಲ್ಲಾರ ಎರಡು ತುತ್ತು ಸಿಗ್ತತೆ. ಅವಳು ಸಂಜೆ ಕ್ಯಾರಿಯರ್ ದಾರಿ ಕಾಯ್ತಿರ್ತಾಳೆ."

ಸಾಹೇಬರು ಏನು ಹೇಳುತ್ತಿದ್ದರೋ ಗೊತ್ತಿಲ್ಲ. ಅಷ್ಟರಲ್ಲಿ ಫೋಟೋದವನು, ಪಾಪ ಅವನಿಗೆ ಏನೂ ಅರ್ಥವಾಗಿರಲಿಲ್ಲ, "ಸರ್, ಕುಕ್ಕರ್ ಕೊಡಿ, ಈ ಕಡೆ ನೋಡಿ," ಎಂದ. ಕ್ಯಾಮೆರಾ ಕಂಡರೆ ಸಾಹೇಬರ ಮುಖ ತಾನಾಗಿಯೇ ಅರಳುತ್ತಿತ್ತು, ಅದು ಅವರ ಕೈಯಲ್ಲಿರಲಿಲ್ಲ. ಕುಕ್ಕರು ಕರಿಯಪ್ಪನ ಕೈ ಸೇರಿತು. ನಡುವೆ ಸರದಾರ ನಿಂತಿತ್ತು. ಬಸ್ಸಿನೊಳಗಿನಿಂದ ಚಪ್ಪಾಳೆ ಬಿತ್ತು.

ಮಾರನೆಯ ದಿನ ಪೇಪರಿನಲ್ಲಿ, ಕುರಿಗಾಹಿಗಳಿಗೆ ಸಂಸ್ಥೆಯಿಂದ ವಿನೂತನ ಬುತ್ತಿ ಯೋಜನೆ ಎಂದು ಬಂತು. ಸಾಹೇಬರಿಗಿಂತ ಮೇಲಿನವರೊಬ್ಬರು ಫೋನು ಮಾಡಿ ಅವರನ್ನು ಅಭಿನಂದಿಸಿದರಂತೆ. ಪೇಪರಿನಲ್ಲಿ ಬಂದದ್ದನ್ನು ನಿಲ್ಲಿಸುವುದು ಹೇಗೆ? ತಿಪ್ಪೇಶಿಯ ನೋಟೀಸುಗಳು ತಣ್ಣಗಾದವು. ವರುಣ್ ಕಂಪ್ಯೂಟರಿನಲ್ಲಿ 'ಚಲಿಸುವ ನಿಲ್ದಾಣ' ಎಂಬ ಹೊಸ ಜಾಗವನ್ನೇ ಮಾಡಿದ, ಆ ಬಸ್ಸು ಬುತ್ತಿಗೆ ಎಲ್ಲಿ ನಿಂತರೂ ಅಲಾರಂ ಹೊಡೆಯದಂತೆ. ನನಗೆ ಮಾತ್ರ ಒಂದು ಎಚ್ಚರಿಕೆಯ ಪತ್ರ ಬಂತು. ಅದಕ್ಕೆ ಫ್ರೇಮು ಹಾಕಿಸಿದ್ದೇನೆ.

ನಿವೃತ್ತಿಯಾದ ಮೇಲೂ ಬೆಳಿಗ್ಗೆ ಕಾಫಿ ಕುಡಿಯುತ್ತಾ ಆ್ಯಪಿನಲ್ಲಿ ಸರದಾರನ ಚುಕ್ಕೆ ಎಲ್ಲಿದೆ ಎಂದು ನೋಡುವುದು ನನ್ನ ಅಭ್ಯಾಸ. ಹೋದ ಬೇಸಿಗೆಯಲ್ಲಿ ಆ ಚುಕ್ಕೆ ಆದಿವಾಲದಲ್ಲೇ ನಿಂತುಬಿಟ್ಟಿತು. ಒಂದು ದಿನ ನೋಡಿದೆ, ಎರಡು ದಿನ ನೋಡಿದೆ. ಮಂದೆ ಹೊರಡಬೇಕಾದ ಕಾಲದಲ್ಲಿ ಮನೆಯಲ್ಲೇ ನಿಂತಿದೆ ಎಂದರೆ ಏನರ್ಥ? ಕರಿಯಪ್ಪನ ಫೋನು ಹತ್ತಲಿಲ್ಲ, ತಿಪ್ಪೇಶಿಯದೂ ಹತ್ತಲಿಲ್ಲ. ನನಗೆ ಕೆಟ್ಟ ಯೋಚನೆಗಳು ಬಂದವು. ಸೀರೆ ಬದಲಾಯಿಸಿ ಬಸ್ಸು ಹತ್ತಿದೆ.

ಆದಿವಾಲದ ಮನೆಯ ಬಾಗಿಲಲ್ಲಿ ಡಬ್ಬಿ ಮೊಳೆಗೆ ನೇತಾಡುತ್ತಿತ್ತು, ಹಸಿರು ದೀಪ ಮಿಣುಕುತ್ತಿತ್ತು. ಟಗರೂ ಇಲ್ಲ, ಮಂದೆಯೂ ಇಲ್ಲ. ಒಳಗಿನಿಂದ ಕುಕ್ಕರಿನ ಸೀಟಿ ಕೇಳಿಸಿತು.

ಒಲೆಯ ಮುಂದೆ ಕರಿಯಪ್ಪ. ಪಾದಕ್ಕೆ ದಪ್ಪ ಬ್ಯಾಂಡೇಜು, ಕೈಗೆಲ್ಲ ರಾಗಿಹಿಟ್ಟು.

"ಬರ್ರಿ ತಾಯಿ, ಕುಂತ್ಕಳ್ರಿ. ಬದುವಿನ ಮ್ಯಾಲಿಂದ ಬಿದ್ದು ಕಾಲು ಮುರಕಂಡೆ ನೋಡ್ರಿ."

"ಗಂಗಕ್ಕ ಎಲ್ಲಿ?"

"ಮಂದೆ ಹೊಡಕಂಡು ಹೋಗ್ಯಾಳೆ."

"ಅವಳ ಮಂಡಿ?"

"ಅದನ್ನೇ ನಾನೂ ಕೇಳ್ದೆ. 'ನಿನ್ ಕಾಲು ಮುರೀತಲ್ಲ, ನಂದು ಸರಿಯಾಗ್ಲೇಬೇಕಾತು' ಅಂದ್ಲು. ಬೆಳಗಿನ ಹೊತ್ತು ಒಂದಿಷ್ಟು ದೂರ ನಡೀತಾಳೆ, ಮಿಕ್ಕ ಹೊತ್ತು ನೆರಳಾಗೆ ಕುಂತಿರ್ತಾಳೆ. ಅವಳ ತಮ್ಮನೂ ಜೊತೆಗವನೆ. ಡಬ್ಬಿ ಮಾತ್ರ ಬ್ಯಾಡ ಅಂತ ಬಿಚ್ಚಿಟ್ಟು ಹೋದ್ಲು. 'ಬಾಷಾಗೆ ನನ್ ದನಿ ಕೇಳಿದ್ರೆ ಸಾಕು, ಬಸ್ಸು ತಾನೇ ನಿಲ್ತತೆ' ಅಂತಾಳೆ."

"ಹಂಗಾದ್ರೆ ಡಬ್ಬಿಗೆ ಬ್ಯಾಟರಿ ಯಾಕೆ ಹಾಕ್ತಿದ್ದೀಯಪ್ಪ?"

ಕರಿಯಪ್ಪ ನಾಚಿಕೊಂಡ. "ನೀವು ದಿನಾ ನೋಡ್ತೀರಂತ ತಿಪ್ಪೇಶಿ ಹೇಳ್ದ. ಆರಿಸಿದ್ರೆ ನೀವು ಗಾಬರಿ ಆಗ್ತೀರೇನೋ ಅಂತ."

ಗಾಬರಿಯಾಗಿಯೇ ಬಂದೆ ಎಂದು ಹೇಳಲಿಲ್ಲ. ಈಗ ಬುತ್ತಿ ಕಟ್ಟುವವನು ಅವನು, ದಾರಿಯಲ್ಲಿ ಇಸಿದುಕೊಳ್ಳುವವಳು ಅವಳು. ಊಟ ಮಾಡಿ ಅಲ್ಲೇ ಉಳಿದೆ. ಅವನ ಮುದ್ದೆಯಲ್ಲಿ ಗಂಟುಗಳಿದ್ದವು, ದೇವರ ದಯೆಯಿಂದ ಗಂಟಲಲ್ಲಿ ಇಳಿದವು. ಸಂಜೆ ಬಸ್ಸಿನ ಹಾರನ್ನು ಕೇಳಿದ್ದೇ ತಡ, ಕರಿಯಪ್ಪ ಕೋಲೂರಿ ಕುಂಟುತ್ತಾ ರಸ್ತೆಗೆ ಹೋಗಿ, ತಿಪ್ಪೇಶಿಯ ಕೈಯಿಂದ ಕ್ಯಾರಿಯರ್ ಇಸಿದುಕೊಂಡು, ಅಲ್ಲೇ ನಿಂತು ಕಿವಿಯ ಹತ್ತಿರ ಅಲ್ಲಾಡಿಸಿದ.

ಮೇಲಿನ ಡಬ್ಬಿ ತೆರೆದ. ಬೆಳಿಗ್ಗೆ ಕಳಿಸಿದ್ದ ಮುದ್ದೆ ಇಡಿಯಾಗಿ ಹಾಗೇ ಇತ್ತು.

"ಇದನ್ನ ಕಟ್ಟಿದೋರೇ ತಿನ್ಲಿ ಅಂತ ಹೇಳು ಅಂದ್ಲು," ಎಂದ ತಿಪ್ಪೇಶಿ. ಬಸ್ಸೆಲ್ಲ ನಕ್ಕಿತು.

ಕರಿಯಪ್ಪ ಕೆಳಗಿನ ಡಬ್ಬಿ ತೆರೆದ. ಅದರ ತುಂಬ ಬಾರೆಹಣ್ಣು, ಒಂದೊಂದನ್ನೂ ಆರಿಸಿ ಸೆರಗಿನಲ್ಲಿ ಒರೆಸಿದಂತಿದ್ದವು. ಒಂದು ಹಿಡಿ ತೆಗೆದು ನನ್ನ ಕೈಗೆ ಹಾಕಿದ. ಉಳಿದದ್ದರ ಮೇಲೆ ಮುಚ್ಚಳ ಮುಚ್ಚಿ, "ಕ್ಯಾರಿಯರ್ ಖಾಲಿ ಬಂದಿಲ್ಲ, ನೋಡಿದ್ರಾ," ಎಂದ.